ಚದರಡಿಗೆ ಎಷ್ಟು? ಅದಕ್ಕೂ ಮೊದಲು, ಯಾವ ಚದರಡಿ?

ಹಾಸನದ ಕಡೆ ಮನೆ ಕಟ್ಟಿಸುವವರು ಗಾರೆ ಕೆಲಸ ಮುಗಿಯುತ್ತಿದ್ದಂತೆ ಕೇಳುವ ಪ್ರಶ್ನೆ ಒಂದೇ: "ವಾರ್ಡ್‌ರೋಬು, ಅಡುಗೆಮನೆ ಎಲ್ಲ ಸೇರಿ ಸ್ಕ್ವೇರ್ ಫೀಟ್‌ಗೆ ಎಷ್ಟಾಗುತ್ತಮ್ಮಾ?" ಒಬ್ಬರು ₹1,300 ಅಂದು ಇನ್ನೊಬ್ಬರು ₹1,600 ಅಂದರೆ ಕೆಲಸ ಮೊದಲನೆಯವರಿಗೆ ಹೋಗುತ್ತದೆ. ಇಬ್ಬರೂ ಅಳೆದಿರುವುದು ಒಂದೇ ಚದರಡಿಯೇ ಎಂದು ಕೇಳುವವರು ಕಡಿಮೆ.

ಸಣ್ಣಪುಟ್ಟ ಮನೆಗಳ ಒಳಾಂಗಣ ಕೆಲಸಕ್ಕೆ ಅಂದಾಜು ಪಟ್ಟಿ ಬರೆದುಕೊಡುವುದು ಈಗ ನನ್ನ ವೃತ್ತಿ. ದರಕ್ಕಿಂತ ಮೊದಲು ಅಳತೆಯನ್ನು ಕೇಳಬೇಕು ಎಂಬುದು ನನಗೆ ಹೊಳೆದದ್ದು ಇಂಟೀರಿಯರ್ ಡಿಸೈನ್ ಓದುತ್ತಿದ್ದಾಗ, 2024ರ ಫೆಬ್ರುವರಿಯಲ್ಲಿ ನಡೆದ ಇಂಡಿಯಾವುಡ್ ಪ್ರದರ್ಶನದಲ್ಲಿ. ಮರಗೆಲಸದ ಯಂತ್ರ, ಪ್ಲೈವುಡ್, ಲ್ಯಾಮಿನೇಟ್, ಹಿಂಜು, ಅಂಟು ಎಲ್ಲವೂ ಒಂದೇ ಕಡೆ ಸೇರುವ ವ್ಯಾಪಾರ ಮೇಳ ಅದು. ನಡೆಯುವುದು ತುಮಕೂರು ರಸ್ತೆಯ ಮಾದಾವರದಲ್ಲಿರುವ ಬಿಐಇಸಿ ವಸ್ತುಪ್ರದರ್ಶನ ಕೇಂದ್ರದಲ್ಲಿ. ಚನ್ನರಾಯಪಟ್ಟಣ, ಕುಣಿಗಲ್ ದಾಟಿ ಹೋಗುವ ನಮಗೆ ನೆಲಮಂಗಲ ಕಳೆದ ಕೂಡಲೇ ಸಿಗುವ ಜಾಗ. ಬೆಂಗಳೂರಿನ ಒಳಗೆ ಹೋಗಬೇಕಾಗಿಯೇ ಇಲ್ಲ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಬಸ್ಸಿಗೆ ಶೂನ್ಯ ಟಿಕೆಟ್, ಊಟಕ್ಕೆ ಮನೆಯ ಚಿತ್ರಾನ್ನ. ಓದುವ ಹುಡುಗಿಯ ಕೈಗೆ ಎಟುಕುವ ಪ್ರವಾಸ. ನಗರದಲ್ಲಿ ಉಳಿದುಕೊಂಡವರಿಗೆ 2024ರ ನವೆಂಬರ್‌ನಿಂದ ಮಾದಾವರದವರೆಗೆ ಮೆಟ್ರೊ ಕೂಡ ಇದೆ.

ವ್ಯಾಪಾರ ಮೇಳದಲ್ಲಿ ವಿದ್ಯಾರ್ಥಿಗೆ ಬೆಲೆ ಸುಲಭವಾಗಿ ಸಿಗುವುದಿಲ್ಲ. ಮಳಿಗೆಯವರು ಮೊದಲು ಕೇಳುವುದೇ "ಡೀಲರಾ? ಫ್ಯಾಕ್ಟರಿ ಇದೆಯಾ?" ಎಂದು. "ಸ್ಟೂಡೆಂಟ್" ಎಂದರೆ ಒಂದು ಕ್ಯಾಟಲಾಗ್ ಕೈಗಿಟ್ಟು ಮುಂದಿನವರ ಕಡೆ ತಿರುಗುತ್ತಾರೆ. ಅವರನ್ನು ದೂರುವಂತಿಲ್ಲ, ಬಾಡಿಗೆ ಕಟ್ಟಿ ಮಳಿಗೆ ಹಾಕಿರುವುದು ಆರ್ಡರ್‌ಗಾಗಿ. ಡೀಲರ್‌ಗೆ ಒಂದು ದರ, ದೊಡ್ಡ ಗುತ್ತಿಗೆದಾರರಿಗೆ ಒಂದು, ಬಿಡಿಯಾಗಿ ಕೊಳ್ಳುವವರಿಗೆ ಇನ್ನೊಂದು ಇರುವ ವ್ಯವಹಾರದಲ್ಲಿ ಅಲ್ಲಿ ಬೆಲೆ ಕೇಳಿಕೊಂಡು ಬಂದರೂ ಹಾಸನದಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ.

ಉಪಯೋಗಕ್ಕೆ ಬಂದದ್ದು ಒಂದು ಕತ್ತರಿಸುವ ಯಂತ್ರದ ಪಕ್ಕದಲ್ಲಿದ್ದ ಕಂಪ್ಯೂಟರ್ ಪರದೆ. ಬೇಕಾದ ತುಂಡುಗಳ ಅಳತೆ ಕೊಟ್ಟರೆ, ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಹಾಳೆಯಲ್ಲಿ ಯಾವ ತುಂಡನ್ನು ಎಲ್ಲಿ ಕೂಡಿಸಬೇಕೆಂದು ಅದು ಚಿತ್ರ ಬರೆದು ತೋರಿಸುತ್ತದೆ. ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆಯುವ ದರ್ಜಿಯ ಲೆಕ್ಕವೇ ಇದು. ನನ್ನ ಕಾಲೇಜಿನ ಡ್ರಾಯಿಂಗ್‌ನಲ್ಲಿದ್ದ ವಾರ್ಡ್‌ರೋಬಿನ ಅಳತೆಯನ್ನು ಹೇಳಿದೆ: ಏಳಡಿ ಎತ್ತರ, ಆರಡಿ ಅಗಲ, ಎರಡಡಿ ಆಳ, ನಡುವೆ ಒಂದು ಅಡ್ಡಗೋಡೆ, ನಾಲ್ಕು ಶೆಲ್ಫ್, ನಾಲ್ಕು ಬಾಗಿಲು.

ಅಂದಿನ ಲೆಕ್ಕವನ್ನು ನೀವೂ ಪೆನ್ಸಿಲ್ ಹಿಡಿದು ಮಾಡಬಹುದು. ನಿಲುವು ಹಲಗೆಗಳು ಮೂರು, ಸೇರಿ 42 ಚದರಡಿ. ಮೇಲೆ ಕೆಳಗೆ 24. ಶೆಲ್ಫ್‌ಗಳು 24. ಬಾಗಿಲು 42. ಒಟ್ಟು 132 ಚದರಡಿ. ಒಂದು ಹಾಳೆ 32 ಚದರಡಿ, ಅಂದರೆ ಕಾಗದದ ಮೇಲೆ ನಾಲ್ಕು ಹಾಳೆ ಚಿಲ್ಲರೆ. ಕತ್ತರಿಸಲು ಹೊರಟರೆ ಆರು ಬೇಕು. ಒಂದೂವರೆ ಅಡಿ ಅಗಲದ ಬಾಗಿಲು ನಾಲ್ಕಡಿ ಹಾಳೆಯಲ್ಲಿ ಎರಡೇ ಬರುತ್ತದೆ, ಪಕ್ಕದಲ್ಲಿ ಒಂದಡಿ ಪಟ್ಟಿ ಉಳಿದುಹೋಗುತ್ತದೆ. ಶೆಲ್ಫ್‌ಗಳೂ ಎಂಟಡಿಯಲ್ಲಿ ಎರಡೇ.

ಯಂತ್ರ ನೋಡಿಕೊಳ್ಳುತ್ತಿದ್ದವರು ಬಾಗಿಲಿನ ಅಗಲವನ್ನು 404 ಮಿಲಿಮೀಟರ್‌ಗೆ ಇಳಿಸಿ ತೋರಿಸಿದರು. ಹಾಳೆಯ ಅಗಲ 1,220 ಮಿಲಿಮೀಟರ್. ಗರಗಸ ತಿನ್ನುವ ಪುಡಿಯನ್ನು ಕಳೆದರೂ ಒಂದು ಹಾಳೆಯಲ್ಲಿ ಮೂರು ಬಾಗಿಲು ಕೂರುತ್ತವೆ. ವಾರ್ಡ್‌ರೋಬಿನ ಅಗಲ ಎಂಟು ಇಂಚು ಚಿಲ್ಲರೆ ಕಡಿಮೆಯಾಯಿತು, ಹಾಳೆ ಐದಕ್ಕೆ ಇಳಿಯಿತು. ಪ್ಲೈವುಡ್ ಚದರಡಿಗೆ ₹100 ಎಂದಿಟ್ಟುಕೊಂಡರೆ ಒಂದು ಹಾಳೆ ₹3,200. ಶೇ 18 ಜಿಎಸ್‌ಟಿ ಸೇರಿಸಿದರೆ ₹3,776. ಮೂರು ಕೋಣೆಯ ಮನೆಯಲ್ಲಿ ಮೂರು ವಾರ್ಡ್‌ರೋಬ್ ಇದ್ದರೆ ₹11,328. ಪ್ಲೈ ನೀವೇ ತಂದುಕೊಟ್ಟು ಕೂಲಿಗೆ ಕೆಲಸ ಮಾಡಿಸುವಾಗ ಈ ಹಣ ನಿಮಗೇ ಉಳಿಯುತ್ತದೆ.

ಇನ್ನು ಚದರಡಿ ದರದ ವಿಷಯ. ಸಾಮಾನು ಸೇರಿಸಿ ಗುತ್ತಿಗೆ ಕೊಟ್ಟಾಗ ಸಾಮಾನ್ಯವಾಗಿ ಅಳೆಯುವುದು ಮುಂಭಾಗವನ್ನು ಮಾತ್ರ. ಮೇಲೆ ಹೇಳಿದ ಆರಡಿಯ ವಾರ್ಡ್‌ರೋಬು ಆ ಲೆಕ್ಕದಲ್ಲಿ 42 ಚದರಡಿ. ₹1,500ರಂತೆ ₹63,000, "ಪ್ಲಸ್ ಜಿಎಸ್‌ಟಿ" ಎಂದು ಕೆಳಗೆ ಸಣ್ಣ ಅಕ್ಷರದಲ್ಲಿದ್ದರೆ ₹74,340. ಮುಂಭಾಗದ ಅಳತೆಗೆ ಆಳ ಕಾಣುವುದಿಲ್ಲ. ಅಡುಗೆಮನೆಯಲ್ಲಿ ಕಟ್ಟೆಯ ಕೆಳಗಿನ ಕಪಾಟು ಎರಡಡಿ ಆಳ, ಮೇಲಿನದು ಒಂದಡಿ. ಎರಡಕ್ಕೂ ಒಂದೇ ದರ ಹಾಕಿದ್ದರೆ ಮೇಲಿನ ಕಪಾಟಿಗೆ, ಚಪ್ಪಲಿ ಗೂಡಿಗೆ, ಪುಸ್ತಕದ ಕಪಾಟಿಗೆ ನೀವು ಹೆಚ್ಚು ತೆರುತ್ತಿದ್ದೀರಿ. ಹೊಳೆನರಸೀಪುರದ ಒಬ್ಬ ಮೇಷ್ಟ್ರ ಮನೆಯಲ್ಲಿ ನಾನು ಆಳಕ್ಕೆ ತಕ್ಕಂತೆ ಎರಡು ದರ ಬರೆದಾಗ ಅವರು ಮೊದಲು ಅನುಮಾನದಿಂದಲೇ ನೋಡಿದರು. ಕಪಾಟಿನೊಳಗೆ ಕೈ ಹಾಕಿ ಅಳೆದು ತೋರಿಸಿದ ಮೇಲೆ, "ಇದನ್ನ ಮೊದಲೇ ಯಾರೂ ಹೇಳ್ಲಿಲ್ವಲ್ಲಮ್ಮಾ" ಅಂದರು.

ದರ್ಜೆಯ ವಿಷಯದಲ್ಲೂ ದುಡ್ಡು ಸೋರುತ್ತದೆ. ಪ್ಲೈವುಡ್ ಮೇಲೆ ಐಎಸ್ 303 ಎಂದಿದ್ದರೆ ಸಾಮಾನ್ಯ ಬಳಕೆಯದು, ಐಎಸ್ 710 ಎಂದಿದ್ದರೆ ನೀರು ತಡೆಯುವ ಮೆರೈನ್. ಸಿಂಕ್ ಕೆಳಗೆ, ಬಚ್ಚಲುಮನೆಯ ಗೋಡೆಗೆ ತಾಗಿದ ಕಡೆ 710 ಹಾಕಿಸಿ. ಒಣಗಿದ ಕೋಣೆಯ ವಾರ್ಡ್‌ರೋಬಿಗೆ 303 ಸಾಕು. ಇಡೀ ಮನೆಗೆ ಮೆರೈನ್ ಎಂಬುದು ಹೇಳಿಕೊಳ್ಳಲು ಚೆಂದ ಅಷ್ಟೆ. ಪ್ಲೈವುಡ್‌ಗೆ ಐಎಸ್‌ಐ ಗುರುತನ್ನು ಕಡ್ಡಾಯ ಮಾಡಿದ ಕೇಂದ್ರದ ಆದೇಶ 2025ರಲ್ಲಿ ಜಾರಿಗೆ ಬಂತು. ಹಾಳೆಯ ಮೇಲಿನ ಸಿಎಂ/ಎಲ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂಬುದು ಅಂಗಡಿಯಲ್ಲಿ ನಿಂತೇ ತಿಳಿಯುತ್ತದೆ.

ಉಳಿಸಿದ್ದನ್ನು ಎಲ್ಲಿ ಹಾಕಬೇಕು? ಹಿಂಜಿಗೆ. ಏಳಡಿ ಬಾಗಿಲಿಗೆ ನಾಲ್ಕು ಹಿಂಜಾದರೂ ಬೇಕು; ನಾಲ್ಕು ಬಾಗಿಲಿಗೆ ಹದಿನಾರು. ಒಂದರ ಮೇಲೆ ₹100 ಹೆಚ್ಚು ಕೊಟ್ಟರೂ ₹1,600, ಅಂದರೆ ಉಳಿದ ಹಾಳೆಯ ಅರ್ಧ ಬೆಲೆಯೂ ಅಲ್ಲ. ದಿನಕ್ಕೆ ಹತ್ತು ಸಲ ತೆಗೆದು ಹಾಕುವ ಭಾಗ ಅದು.

ಹಣ ಕೊಡುವ ಹೊತ್ತನ್ನೂ ಮೊದಲೇ ಮಾತಾಡಿಕೊಳ್ಳಿ. ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪು ಬೆಳೆಗಾರರಿಗೆ ದುಡ್ಡು ಬರುವುದು ರಾಮನಾಥಪುರದ ಹರಾಜು ಶುರುವಾದ ಮೇಲೆ. ಹಾಲು ಹಾಕುವವರಿಗೆ ಡೇರಿಯ ಬಟವಾಡೆ ಆದಾಗ. ಅಂಥವರು ಕೆಲಸ ಶುರುವಿಗೇ ಅರ್ಧ ಮುಂಗಡ ಕೊಡಲು ಕೈಸಾಲ ಮಾಡುವುದನ್ನು ಕಂಡಿದ್ದೇನೆ. ಅದರ ಬದಲು ಪ್ಲೈ ಮನೆಗೆ ಬಂದಾಗ ಒಂದು ಕಂತು, ಪೆಟ್ಟಿಗೆ ನಿಂತಾಗ ಒಂದು, ಲ್ಯಾಮಿನೇಟ್ ಅಂಟಿಸಿದಾಗ ಒಂದು, ಬಾಗಿಲು ಸರಿಯಾಗಿ ಮುಚ್ಚುವುದನ್ನು ನೋಡಿದ ಮೇಲೆ ಕೊನೆಯದು ಎಂದು ಬರೆದುಕೊಂಡರೆ ನಿಮ್ಮ ಬಡ್ಡಿಯೂ ಉಳಿಯುತ್ತದೆ, ಕೆಲಸವೂ ನಿಲ್ಲುವುದಿಲ್ಲ.

ಇಂಡಿಯಾವುಡ್‌ನಂಥ ಮೇಳಕ್ಕೆ ಹೋಗುವ ನಮ್ಮೂರ ವಿದ್ಯಾರ್ಥಿಗಳಿಗೆ ಒಂದು ಮಾತು: ಕ್ಯಾಟಲಾಗ್ ತುಂಬಿಕೊಳ್ಳಲು ಚೀಲ ಒಯ್ಯುವ ಮೊದಲು ನಿಮ್ಮದೇ ಒಂದು ಡ್ರಾಯಿಂಗ್ ಒಯ್ಯಿರಿ. ದರ ಹೇಳದ ಮಳಿಗೆಯವರೂ ಇಷ್ಟು ಕೆಲಸಕ್ಕೆ ಎಷ್ಟು ಹಾಳೆ, ಎಷ್ಟು ಹಿಂಜು ಎಂದು ಖುಷಿಯಿಂದ ಲೆಕ್ಕ ಹಾಕಿಕೊಡುತ್ತಾರೆ. ಆ ಎಣಿಕೆ ಕೈಯಲ್ಲಿದ್ದರೆ ಬೆಲೆಯನ್ನು ಹಾಸನದ ಬಿ.ಎಂ. ರಸ್ತೆಯ ಅಂಗಡಿಗಳಲ್ಲೇ ಕೇಳಿ ಗುಣಿಸಿಕೊಳ್ಳಬಹುದು.