ಲ್ಯಾಪ್‌ಟಾಪ್ ಕೊಳ್ಳುವ ಸಂಗೀತಗಾರರಿಗೆ

ಕಂಪ್ಯೂಟರಿನಲ್ಲಿ ನುಡಿಯುತ್ತಿರುವ ದನಿಯನ್ನು ಅಲ್ಲೇ ನೇರವಾಗಿ ಮುದ್ರಿಸಿಕೊಳ್ಳಲು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ‘ಸ್ಟೀರಿಯೊ ಮಿಕ್ಸ್’ ಎಂಬ ಸೌಲಭ್ಯವಿತ್ತು. 2007ರಲ್ಲಿ ವಿಂಡೋಸ್ ವಿಸ್ತಾ ಬಂದ ಮೇಲೆ ಹಲವು ತಯಾರಕರು ಅದನ್ನು ಅಡಗಿಸಿದರು, ಕೆಲವರು ಡ್ರೈವರ್‌ನಿಂದ ತೆಗೆದೇ ಹಾಕಿದರು. ಹಣ ಕೊಟ್ಟು ಕೊಂಡ ಯಂತ್ರದ ಕೈ ಕಟ್ಟಿದ್ದು ಅನ್ಯಾಯವೇ ಸರಿ.

ಹಾಗೆಂದು ಕಂಗೆಡಬೇಕಿಲ್ಲ. ಸೌಂಡ್ ಸೆಟ್ಟಿಂಗ್ಸ್‌ನ ರೆಕಾರ್ಡಿಂಗ್ ಪಟ್ಟಿಯಲ್ಲಿ ರೈಟ್ ಕ್ಲಿಕ್ ಮಾಡಿ, ‘ಶೋ ಡಿಸೇಬಲ್ಡ್ ಡಿವೈಸಸ್’ ಒತ್ತಿದರೆ ಎಷ್ಟೋ ಬಾರಿ ಸ್ಟೀರಿಯೊ ಮಿಕ್ಸ್ ಮತ್ತೆ ಕಾಣಿಸುತ್ತದೆ. ಇಲ್ಲವಾದರೆ ಉಚಿತವಾಗಿ ಸಿಗುವ ‘ಅಡಾಸಿಟಿ’ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ ‘ವಿಂಡೋಸ್ ವಾಸಪಿ’ ಆಯ್ದು, ಲೂಪ್‌ಬ್ಯಾಕ್ ಮೂಲಕ ಮುದ್ರಿಸಬಹುದು.

ಕೀಬೋರ್ಡ್, ಎಲೆಕ್ಟ್ರಿಕ್ ವೀಣೆ ಜೋಡಿಸುವವರ ತೊಡಕು ಬೇರೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಲೈನ್-ಇನ್ ಜ್ಯಾಕೇ ಅಪರೂಪ. ಹೆಡ್‌ಸೆಟ್ ಜ್ಯಾಕ್‌ನ ಮೈಕ್‌ಗೆ ಇರುವುದು ಒಂದೇ ಚಾನೆಲ್. ಇಂಥವರು ಲ್ಯಾಪ್‌ಟಾಪಿನ ಬಜೆಟ್ಟಿನಲ್ಲೇ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್‌ಗೂ ಹಣ ಎತ್ತಿಡಲಿ.