ದ್ವಿಮುಖ ಕೋಷ್ಟಕ: ಗುಂಪುಗಳನ್ನು ಹೋಲಿಸಿ ನೋಡುವ ಕ್ರಮ

ಗ್ರಾಮ ಪಂಚಾಯಿತಿಯ ದಾಖಲೆಗಳಲ್ಲಿ ಎರಡು ಬಗೆಯ ಮಾಹಿತಿ ಇರುತ್ತದೆ. ಕರ ವಸೂಲಿಯ ಮೊತ್ತ, ಕೊಳವೆಬಾವಿಯ ಆಳ ಮುಂತಾದವು ಅಳತೆಯ ಮಾಹಿತಿ. ಮನೆಯು ಯಾವ ಜನವಸತಿಯಲ್ಲಿದೆ, ನಲ್ಲಿಯಲ್ಲಿ ನೀರು ಬರುತ್ತದೆಯೇ ಇಲ್ಲವೇ ಎಂಬಂಥವು ಗುಂಪಿನ ಮಾಹಿತಿ. ಗುಂಪಿನ ಮಾಹಿತಿಯಲ್ಲಿ ಪ್ರತಿ ಗುಂಪಿಗೆ ಎಷ್ಟು ಮನೆಗಳು ಸೇರಿವೆ ಎಂದು ಎಣಿಸಬೇಕಾಗುತ್ತದೆ. ಇಂತಹ ಎರಡು ಮಾಹಿತಿಗಳ ನಡುವೆ ಸಂಬಂಧವಿದೆಯೇ ಎಂದು ಪರಿಶೀಲಿಸುವ ಸಾಧನವೇ ದ್ವಿಮುಖ ಕೋಷ್ಟಕ. ಕ್ರಿಯಾ ಯೋಜನೆಯಲ್ಲಿ ಯಾವ ಜನವಸತಿಗೆ ಮೊದಲ ಆದ್ಯತೆ ಎಂಬ ತೀರ್ಮಾನವು ಈ ಕೋಷ್ಟಕವನ್ನು ಓದುವ ರೀತಿಯಿಂದಲೇ ಬದಲಾಗಬಹುದು. ಆದ್ದರಿಂದ ಸದಸ್ಯರು ಇದನ್ನು ಅರಿತಿರುವುದು ಅಗತ್ಯ.

1. ಒಂದು ಐತಿಹಾಸಿಕ ನಿದರ್ಶನ

ಈ ಕ್ರಮದ ಪ್ರಯೋಜನವನ್ನು ತೋರಿಸಿಕೊಟ್ಟ ಪ್ರಸಿದ್ಧ ನಿದರ್ಶನವು ಕುಡಿಯುವ ನೀರಿಗೇ ಸಂಬಂಧಿಸಿದೆ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹರಡಿತು. ಅಲ್ಲಿನ ದಕ್ಷಿಣ ಭಾಗದ ಹಲವು ಬೀದಿಗಳಲ್ಲಿ ಎರಡು ಕಂಪನಿಗಳ ಕೊಳವೆಗಳು ಅಕ್ಕಪಕ್ಕದಲ್ಲೇ ಹಾದುಹೋಗಿದ್ದವು. ಸೌತ್‌ವರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿಯು ಥೇಮ್ಸ್ ನದಿಯಲ್ಲಿ ನಗರದ ಕೊಳಚೆ ಸೇರುವ ಭಾಗದಿಂದ ನೀರೆತ್ತುತ್ತಿತ್ತು. ಲ್ಯಾಂಬೆತ್ ಕಂಪನಿಯು ನದಿಯ ಮೇಲ್ಭಾಗದಿಂದ ಎತ್ತುತ್ತಿತ್ತು. ವೈದ್ಯ ಜಾನ್ ಸ್ನೋ ಅವರು ಸಾವು ಸಂಭವಿಸಿದ ಮನೆಗಳಿಗೆ ಯಾವ ಕಂಪನಿಯ ನೀರು ಬರುತ್ತಿತ್ತೆಂದು ವಿಚಾರಿಸಿ ಪಟ್ಟಿ ಮಾಡಿದರು. ಮೊದಲ 7 ವಾರಗಳಲ್ಲಿ ಸೌತ್‌ವರ್ಕ್ ಕಂಪನಿಯ 40,046 ಮನೆಗಳಲ್ಲಿ 1,263 ಸಾವುಗಳು, ಲ್ಯಾಂಬೆತ್ ಕಂಪನಿಯ 26,107 ಮನೆಗಳಲ್ಲಿ 98 ಸಾವುಗಳು ಸಂಭವಿಸಿದ್ದವು. ಲಂಡನ್ನಿನ ಉಳಿದ 2,56,423 ಮನೆಗಳಲ್ಲಿ 1,422 ಸಾವುಗಳಾಗಿದ್ದವು.

ಸಾವುಗಳ ಸಂಖ್ಯೆಯನ್ನಷ್ಟೇ ನೋಡಿದರೆ ಉಳಿದ ಲಂಡನ್ ಮೊದಲ ಸ್ಥಾನದಲ್ಲಿದೆ. ಆದರೆ ಪ್ರತಿ 10,000 ಮನೆಗಳಿಗೆ ಲೆಕ್ಕ ಹಾಕಿದಾಗ ಸೌತ್‌ವರ್ಕ್ ಕಂಪನಿಯಲ್ಲಿ 315, ಲ್ಯಾಂಬೆತ್‌ನಲ್ಲಿ 37 ಸಾವುಗಳಾಗುತ್ತವೆ. ಉಳಿದ ಲಂಡನ್ನಿನಲ್ಲಿ 60ಕ್ಕಿಂತ ಕಡಿಮೆ. ಅಪಾಯವಿದ್ದ ನೀರು ಯಾವುದೆಂಬುದು ಹೀಗೆ ಬೆಳಕಿಗೆ ಬಂದಿತು.

2. ಕೋಷ್ಟಕವನ್ನು ರಚಿಸುವ ಕ್ರಮ

ಇದೇ ಲೆಕ್ಕವನ್ನು ಗ್ರಾಮದ ಮಟ್ಟದಲ್ಲಿ ಮಾಡುವ ಬಗೆಯನ್ನು ಕೆಳಗಿನ ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಒಟ್ಟು ಮನೆಗಳು 300.

ಜನವಸತಿ | ನೀರು ಬರುತ್ತದೆ | ನೀರು ಬರುವುದಿಲ್ಲ | ಒಟ್ಟು
ಮುಖ್ಯ ಗ್ರಾಮ | 180 | 60 | 240
ತಾಂಡಾ | 24 | 36 | 60
ಒಟ್ಟು | 204 | 96 | 300

ಪ್ರತಿಯೊಂದು ಮನೆಯೂ ಒಂದೇ ಒಂದು ಮನೆಕಟ್ಟಿನಲ್ಲಿ ಎಣಿಕೆಯಾಗತಕ್ಕದ್ದು. ಮನೆಪಟ್ಟಿಯು ಗಣಕಯಂತ್ರದಲ್ಲಿದ್ದರೆ, ಎಕ್ಸೆಲ್‌ನ ಇನ್ಸರ್ಟ್ ವಿಭಾಗದಲ್ಲಿರುವ ಪಿವಟ್ ಟೇಬಲ್ ಸೌಲಭ್ಯದಿಂದ ಇದನ್ನು ಸಿದ್ಧಪಡಿಸಬಹುದು. ಜನವಸತಿಯನ್ನು ಅಡ್ಡಸಾಲಿಗೂ ನೀರಿನ ಸ್ಥಿತಿಯನ್ನು ಕಂಬಸಾಲಿಗೂ ನೀಡಿ, ಎಣಿಕೆಯನ್ನು ಆಯ್ಕೆ ಮಾಡಬೇಕು.

3. ಓದುವ ಕ್ರಮ

ನೀರಿಲ್ಲದ ಮನೆಗಳು ಮುಖ್ಯ ಗ್ರಾಮದಲ್ಲಿ 60, ತಾಂಡಾದಲ್ಲಿ 36. ಇಷ್ಟನ್ನೇ ನೋಡಿದರೆ ಮುಖ್ಯ ಗ್ರಾಮದ ಕೊರತೆಯೇ ಹೆಚ್ಚೆಂದು ತೋರುತ್ತದೆ. ಆದರೆ ಪ್ರತಿ ಅಡ್ಡಸಾಲಿನ ಒಟ್ಟಿನಿಂದ ಭಾಗಿಸಿ ನೋಡಿದಾಗ ಮುಖ್ಯ ಗ್ರಾಮದಲ್ಲಿ ಶೇ. 25, ತಾಂಡಾದಲ್ಲಿ ಶೇ. 60 ಮನೆಗಳಿಗೆ ನೀರಿಲ್ಲ. ಯಾವ ಗುಂಪುಗಳನ್ನು ಹೋಲಿಸಲಾಗುತ್ತಿದೆಯೋ ಆ ಗುಂಪಿನ ಒಟ್ಟಿನಿಂದಲೇ ಭಾಗಿಸಬೇಕೆಂಬುದು ಮುಖ್ಯ ನಿಯಮ. ನೀರಿಲ್ಲದ 96 ಮನೆಗಳನ್ನು ಒಟ್ಟಾಗಿ ಹಿಡಿದು ಭಾಗಿಸಿದರೆ ತಾಂಡಾದ ಪಾಲು ಶೇ. 37.5 ಮಾತ್ರ ಎಂದು ಬರುತ್ತದೆ. ಈ ಲೆಕ್ಕ ತಪ್ಪಲ್ಲ. ಆದರೆ ಅದು ಬೇರೊಂದು ಪ್ರಶ್ನೆಗೆ ಉತ್ತರ.

ಎಲ್ಲ ಮನೆಗಳ ಬದಲು ಕೆಲವನ್ನಷ್ಟೇ ಚೀಟಿ ಎತ್ತಿ ಆರಿಸಿ ಸಮೀಕ್ಷೆ ಮಾಡಿದ್ದರೆ, ಕಂಡುಬಂದ ವ್ಯತ್ಯಾಸವು ಆಕಸ್ಮಿಕವೇ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕಾಗಿ ಕಾರ್ಲ್ ಪಿಯರ್ಸನ್ ಅವರು 1900ರಲ್ಲಿ ಕೈ-ಸ್ಕ್ವೇರ್ ಪರೀಕ್ಷೆಯನ್ನು ನೀಡಿದರು. ಜನವಸತಿಗೂ ನೀರಿಗೂ ಸಂಬಂಧವಿಲ್ಲದಿದ್ದರೆ ತಾಂಡಾದಲ್ಲಿ ನೀರಿಲ್ಲದ ಮನೆಗಳು 60 × 96 ÷ 300, ಅಂದರೆ 19.2 ಇರಬೇಕಿತ್ತು, ಎಣಿಕೆಯಲ್ಲಿ 36 ಇವೆ. ನಾಲ್ಕೂ ಮನೆಕಟ್ಟುಗಳಲ್ಲಿ ಇಂತಹ ಅಂತರವನ್ನು ಅದರಿಂದಲೇ ಗುಣಿಸಿ, ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ ಕೂಡಿದರೆ ಸುಮಾರು 27 ಬರುತ್ತದೆ. ಎರಡು ಅಡ್ಡಸಾಲು, ಎರಡು ಕಂಬಸಾಲುಗಳ ಕೋಷ್ಟಕದಲ್ಲಿ ಈ ಮೊತ್ತವು 3.84ನ್ನು ಮೀರಿದರೆ ವ್ಯತ್ಯಾಸವನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ. ನಿರೀಕ್ಷಿತ ಸಂಖ್ಯೆಯು 5ಕ್ಕಿಂತ ಕಡಿಮೆಯಿದ್ದಲ್ಲಿ ಈ ಪರೀಕ್ಷೆಯನ್ನು ನೆಚ್ಚಬಾರದು.

ಕೋಷ್ಟಕವು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನಲ್ಲ. ತಾಂಡಾ ಎತ್ತರದಲ್ಲಿದೆಯೋ, ಕೊಳವೆಮಾರ್ಗದ ಕೊನೆಯಲ್ಲಿದೆಯೋ, ಮೋಟಾರು ಸಾಲದಾಗಿದೆಯೋ ಎಂಬುದನ್ನು ಸ್ಥಳ ಪರಿಶೀಲನೆಯಿಂದಲೇ ತಿಳಿಯಬೇಕು.

4. ದಾಖಲಿಸುವ ಕ್ರಮ

ಕೋಷ್ಟಕದೊಂದಿಗೆ ಈ ಅಂಶಗಳನ್ನು ಬರೆದಿಡತಕ್ಕದ್ದು:

ಅ) ಯಾವ ಪ್ರಶ್ನೆಗಾಗಿ, ಯಾವ ದಿನಾಂಕದಂದು, ಯಾರು ಎಣಿಸಿದರು.
ಆ) ಗುಂಪುಗಳ ಅರ್ಥ. "ನೀರು ಬರುತ್ತದೆ" ಎಂದರೆ ದಿನವೂ ಬರುವುದೋ, ವಾರಕ್ಕೊಮ್ಮೆಯೋ ಎಂಬುದು ಸ್ಪಷ್ಟವಾಗಿರಬೇಕು.
ಇ) ಬೀಗ ಹಾಕಿದ್ದ ಹಾಗೂ ಉತ್ತರ ದೊರೆಯದ ಮನೆಗಳ ಸಂಖ್ಯೆ. ಇವನ್ನು "ಇಲ್ಲ" ಎಂಬುದರೊಂದಿಗೆ ಸೇರಿಸಬಾರದು.
ಈ) ಶೇಕಡಾವಾರು ಅಂಕಿಯ ಜೊತೆಗೆ ಮೂಲ ಎಣಿಕೆ.

ಹೀಗೆ ದಾಖಲಾದ ಕೋಷ್ಟಕವನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದರೆ, ತಮ್ಮ ಮನೆ ಯಾವ ಲೆಕ್ಕದಲ್ಲಿ ಸೇರಿದೆ ಎಂದು ತಾಂಡಾದ ನಿವಾಸಿಗಳೂ ಪರಿಶೀಲಿಸಬಹುದು. ತಪ್ಪಿದ್ದಲ್ಲಿ ಕ್ರಿಯಾ ಯೋಜನೆ ಅನುಮೋದನೆಗೊಳ್ಳುವ ಮುನ್ನವೇ ಅದನ್ನು ತಿದ್ದಲು ಅವಕಾಶವಾಗುತ್ತದೆ.