ಕೋವಿಯ ಗಡಿ ಹುಲಿಕಲ್ಲಿನಿಂದಲೇ ಶುರು

"ಅಪ್ಪಯ್ಯನಿಗೆ ಎಪ್ಪತ್ತು ದಾಟ್ತು. ಆ ಜೋಡುನಳಿಗೆ ಕೋವಿ ನಾನೇ ಅಮೆರಿಕಕ್ಕೆ ತಗಂಡು ಹೋಗ್ಲಾ?" ರಜೆಗೆ ಊರಿಗೆ ಬಂದ ಮಗ ಹೀಗೆ ಕೇಳಿದರೆ ಹೊಸನಗರ, ತೀರ್ಥಹಳ್ಳಿ ಕಡೆ ಯಾರೂ ನಗುವುದಿಲ್ಲ. ಮೂರು ತಲೆಮಾರು ಹಂದಿಯಿಂದ ತೋಟ ಕಾದ ಕೋವಿಯನ್ನು ಠಾಣೆಗೆ ಒಪ್ಪಿಸಲು ಮನಸ್ಸು ಬರಬೇಕಲ್ಲ.

ವಿಮಾನದ ಮಾತು ಆಮೇಲೆ. ಮೊದಲು ಲೈಸೆನ್ಸ್ ಪುಸ್ತಕ ತೆಗೆದು, ಅದು ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ಕಲಂ ನೋಡಿ. 'ಶಿವಮೊಗ್ಗ ಜಿಲ್ಲೆ' ಎಂದಷ್ಟೇ ಇದ್ದರೆ, ಹುಲಿಕಲ್ಲಿನ ಚಂಡಿಕಾಂಬೆಗೆ ಕೈಮುಗಿದು ಘಾಟಿ ಇಳಿದು ಉಡುಪಿ ಜಿಲ್ಲೆ ಮುಟ್ಟಿದ ಕೂಡಲೇ ನಿಮ್ಮದು ಲೈಸೆನ್ಸ್ ಇಲ್ಲದ ಕೋವಿ. ಆಗುಂಬೆ ಇಳಿದರೂ ಅಷ್ಟೇ, ಸಾಗರದಿಂದ ಜೋಗ ದಾಟಿ ಉತ್ತರ ಕನ್ನಡಕ್ಕೆ ಹೋದರೂ ಅಷ್ಟೇ. ವ್ಯಾಪ್ತಿ ಹೆಚ್ಚಿಸಿಕೊಳ್ಳಲು ಲೈಸೆನ್ಸ್ ಕೊಟ್ಟ ಜಿಲ್ಲಾಧಿಕಾರಿಗೇ ಅರ್ಜಿ ಹಾಕಬೇಕು. "ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ" ಎನ್ನುವವರಿದ್ದಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ನಮಗಲ್ಲ.

ಇನ್ನು ಮಗನ ವಿಷಯ. ಅಪ್ಪನ ಲೈಸೆನ್ಸ್ ಮಗನಿಗೆ ಸಲ್ಲದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ, ಇಲ್ಲವೇ ಕೋವಿ ಅವರ ಬಳಿ 25 ವರ್ಷ ಇದ್ದಿದ್ದರೆ, ವಾರಸುದಾರನ ಹೆಸರಿಗೆ ಮಾಡಿಸಬಹುದು. ಆದರೆ ಅರ್ಜಿ, ಪೊಲೀಸ್ ವರದಿ ಎಲ್ಲ ಹೊಸದಾಗಿಯೇ ಆಗಬೇಕು. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ. 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ. ಅಪ್ಪ ತೀರಿಕೊಂಡಿದ್ದರಂತೂ ವೈಕುಂಠ ಸಮಾರಾಧನೆ ಮುಗಿಯಲಿ ಎಂದು ಕಾಯಬೇಡಿ. ಕೋವಿ ಠಾಣೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಠೇವಣಿಯಾಗಬೇಕು. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2, ಗರಿಷ್ಠ 5 ವರ್ಷ ಜೈಲು.

ಲೈಸೆನ್ಸ್ ಕೈಗೆ ಬಂತು ಎನ್ನಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 10ನೇ ಕಲಂ ಇಲ್ಲಿ ಉದಾರವಾಗಿದೆ: ಕಾನೂನುಬದ್ಧವಾಗಿ ಕೋವಿ ಹೊಂದಿದವರು ಸ್ವಂತ ಬಳಕೆಗೆ ಅದನ್ನು ಹೊರಗೆ ಒಯ್ಯಲು ಬೇರೆ ಲೈಸೆನ್ಸ್ ಬೇಕಿಲ್ಲ. ಆದರೆ ಕಸ್ಟಮ್ಸ್ ಅಧಿಕಾರಿಗೆ ಅನುಮಾನ ಬಂದರೆ ಕೇಂದ್ರ ಸರ್ಕಾರದ ಆದೇಶ ಬರುವವರೆಗೂ ಕೋವಿ ಅಲ್ಲೇ. ವಿಮಾನ ಕಂಪನಿಯ ಒಪ್ಪಿಗೆಯನ್ನೂ ಮೊದಲೇ ಪಡೆದಿರಬೇಕು. ಅಮೆರಿಕದ ಕಾನೂನು ಇನ್ನೂ ಬಿಗಿ: ಎಚ್-1ಬಿ ವೀಸಾದವರು ಕೋವಿ ಇಟ್ಟುಕೊಳ್ಳುವುದಕ್ಕೇ ಅಲ್ಲಿ ನಿಷೇಧವಿದೆ, ಅಲ್ಲಿನ ಬೇಟೆ ಪರವಾನಗಿ ಇದ್ದವರಿಗಷ್ಟೇ ವಿನಾಯಿತಿಯ ದಾರಿ. ನನ್ನನ್ನು ಕೇಳಿದರೆ, ಕೋವಿ ಊರಲ್ಲೇ ಇರಲಿ.

ಅಲ್ಲಿ ಕೊಂಡ ಕೋವಿ ಇಲ್ಲಿಗೆ ತರುವುದು? ವಾಸ ಬದಲಿಸಿ ಬರುವವರಿಗೆ ಮಾತ್ರ, ಒಂದೇ ಕೋವಿ, ಅದೂ ಒಂದು ವರ್ಷವಾದರೂ ಅಲ್ಲಿ ಬಳಸಿದ್ದು. ಸುಂಕ ಕಟ್ಟಬೇಕು, ಇಲ್ಲಿನ ಲೈಸೆನ್ಸ್ ಕೈಯಲ್ಲಿರಬೇಕು. ಶರಾವತಿ, ಶೆಟ್ಟಿಹಳ್ಳಿ, ಸೋಮೇಶ್ವರ ಅಭಯಾರಣ್ಯಗಳ 10 ಕಿ.ಮೀ. ಒಳಗೆ ಮನೆಯಿದ್ದರೆ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಾನುಮತಿಯೂ ಬೇಕು. ಇಷ್ಟೆಲ್ಲ ಮಾಡಿ ತಂದರೂ 1972ರ ವನ್ಯಜೀವಿ ಕಾಯ್ದೆ ಇರುವಾಗ ಬೇಟೆಯ ಮಾತಿಲ್ಲ. ತೋಟಕ್ಕೆ ನುಗ್ಗಿದ ಹಂದಿಗೆ ಈಡು ಹೊಡೆಯಲೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು.

ನಿಜವಾಗಿ ಜನ ಸಿಕ್ಕಿಬೀಳುವುದು ಕೋವಿಯಿಂದಲ್ಲ, ಬ್ಯಾಗಿನಿಂದ. ತೋಟಕ್ಕೆ ಹೋಗುವಾಗ ಹೆಗಲಿಗೆ ಹಾಕುತ್ತಿದ್ದ ಬ್ಯಾಗನ್ನೇ ಮಗ ವಿಮಾನಕ್ಕೆ ಒಯ್ಯುತ್ತಾನೆ. ಪಕ್ಕದ ಜೇಬಿನ ಹೊಲಿಗೆಯೊಳಗೆ ಒಂದು ತೋಟಾ ಉಳಿದಿರುತ್ತದೆ. ಎಕ್ಸ್‌ರೇಯಲ್ಲಿ ಕಂಡರೆ ಕೇಸು. ತಿಳಿದೂ ಇಟ್ಟುಕೊಂಡಿದ್ದರೆ ಮಾತ್ರ ಅಪರಾಧ ಎಂದು ಸುಪ್ರೀಂ ಕೋರ್ಟ್ 1994ರ ಸಂಜಯ್ ದತ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಅಪ್ಪನ ಲೈಸೆನ್ಸಿನ ನಕಲು, ತೋಟಾ ಖರೀದಿಯ ರಸೀದಿ ತಕ್ಷಣ ತೋರಿಸಿದರೆ ಅನುಕೂಲ. ಆದರೂ ಆ ದಿನದ ವಿಮಾನ ತಪ್ಪಿದ್ದು ತಪ್ಪಿದ್ದೇ. ಹೊರಡುವ ಹಿಂದಿನ ರಾತ್ರಿ ಬ್ಯಾಗನ್ನು ಜಗಲಿಯ ಮೇಲೆ ಬೋರಲು ಹಾಕಿ ಕೊಡವಿ.